ಉಪ್ಪಿನ ಹೊಳಪು, ಮಣ್ಣಿನ ಬಿಗಿ

ನೀರು ತಾನಾಗಿ ಗುಡ್ಡ ಹತ್ತುತ್ತದೆ ಎಂದು ನಾನು ಹೇಳಿದಾಗ ಕುಂಬಾರ ಯಜಮಾನ ತಲೆದೂಗಿದ. ಅವನ ಹೆಂಡತಿ ಮಾತ್ರ ತುಳಿಯುತ್ತಿದ್ದ ಮಣ್ಣನ್ನು ಅಲ್ಲಿಗೇ ಬಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತು ನಕ್ಕುಬಿಟ್ಟಳು.

"ನಿಮ್ಮ ಸಮುದ್ರದ ಕಡೆ ಹತ್ತುತ್ತೇನೋ ಮೇಸ್ತ್ರಪ್ಪ. ನಮ್ಮ ಸೀಮೇಲಿ ನೀರಿಗೆ ಇಳಿಯೋದು ಬಿಟ್ಟು ಬೇರೇನೂ ಗೊತ್ತಿಲ್ಲ."

ನಾನು ಕರಾವಳಿಯವನು. ಹೊಳೆದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿ ಮೇಸ್ತ್ರಿಯಾಗಿದ್ದವನು. ಇಲ್ಲಿನವರ ಶಿವರಾತ್ರಿ ಮುಗಿದು ನಮ್ಮ ಕ್ರೈಸ್ತರ ತಪಸ್ಸುಕಾಲ ನಡೆಯುತ್ತಿದ್ದ ದಿನಗಳಲ್ಲಿ ಘಟ್ಟ ಹತ್ತಿ, ಹಾನುಬಾಳಿನ ಆಚೆಗಿನ ಒಂದು ಕಾಫಿ ಎಸ್ಟೇಟಿಗೆ ಬಂದಿದ್ದೆ. ಬಾಯಿ ಸ್ವಲ್ಪ ಮುಂದು, ಅದು ನನ್ನ ಹುಟ್ಟುಗುಣ. ಎಸ್ಟೇಟಿನ ಬಿಳಿ ದೊರೆಯ ಮುಂದೆಯೂ ಅದು ಸುಮ್ಮನಿರಲಿಲ್ಲ.

ದೊರೆಯ ಕಷ್ಟ ಇಷ್ಟೇ. ನೀರಿನ ಊಟೆ ಇದ್ದದ್ದು ಒಂದು ಗುಡ್ಡದಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಪಲ್ಪರ್ ಮನೆ ಇದ್ದದ್ದು ಎದುರಿನ ಗುಡ್ಡದಲ್ಲಿ. ನಡುವೆ ಆಳವಾದ ಹಳ್ಳ. ಪ್ರತಿ ವರ್ಷ ಮರದ ಕಂಬಗಳ ಮೇಲೆ ಅಡಿಕೆಮರ ಸೀಳಿ ತೋಡಿದ ದಬ್ಬೆ ಕಟ್ಟಿ ನೀರು ತರುವರು, ಪ್ರತಿ ವರ್ಷ ಆನೆಗಳು ಹಳ್ಳಕ್ಕೆ ಇಳಿಯುವಾಗ ಅದನ್ನು ಸೊಂಡಿಲಿನಲ್ಲಿ ಸರಿಸಿ ಹೋಗುವವು. ಕೊಯ್ಲಿನ ನಡುವೆ ನೀರು ನಿಂತರೆ ಹಣ್ಣು ರಾಶಿಯಲ್ಲೇ ಹುಳಿತು ಹಾಳಾಗುತ್ತದೆ. ಅಷ್ಟು ಭಾರದ ಕಬ್ಬಿಣದ ಕೊಳವೆಯನ್ನು ಗಾಡಿಯಲ್ಲಿ ಘಾಟಿ ಹತ್ತಿಸುವುದು ಆಗದ ಮಾತು. ಆಗ ನಾನು, ಮಣ್ಣಿನ ಕೊಳವೆ ಮಾಡಿ, ಉಪ್ಪಿನಿಂದ ಅದಕ್ಕೆ ಗಾಜಿನ ಪೊರೆ ಬರಿಸಿ, ನೆಲದೊಳಗೆ ಹೂತು ಹಳ್ಳ ದಾಟಿಸುತ್ತೇನೆ ಎಂದುಬಿಟ್ಟೆ. ಊಟೆ ಪಲ್ಪರ್ ಮನೆಗಿಂತ ಎತ್ತರದಲ್ಲಿದೆ. ಹಳ್ಳಕ್ಕೆ ಇಳಿದ ನೀರು ಎದುರಿನ ಗುಡ್ಡವನ್ನು ಹತ್ತಲೇಬೇಕು.

ಭಟ್ಟಿ ಕಟ್ಟಲು, ಮಣ್ಣು ಹದ ಮಾಡಲು ದೊರೆ ಆಲೂರು ಕಡೆಯ ಮಗ್ಗೆಯಿಂದ ಈ ಕುಂಬಾರ ಸಂಸಾರವನ್ನು ಕರೆಸಿದ್ದ. ನೀರು ಹೊರಲು ಖಾಲಿ ಸೀಮೆಎಣ್ಣೆ ಡಬ್ಬ ಬಂದ ಮೇಲೆ ಮಣ್ಣಿನ ಗಡಿಗೆಯನ್ನು ಯಾರೂ ಕೇಳುತ್ತಿರಲಿಲ್ಲವಂತೆ. ಊರಿನಲ್ಲಿ ಮಡಕೆ ಸುಡುವ ಆವಿಗೆಯನ್ನು ಮುಚ್ಚಿ ಗಂಡ ಹೆಂಡತಿ ಇಬ್ಬರೂ ತಿಗರಿ ಚಕ್ರವನ್ನು ಗಾಡಿಗೆ ಏರಿಸಿಕೊಂಡು ಬಂದಿದ್ದರು. ದೊರೆ ಅವರಿಗೆ ತನ್ನ ಮುರುಕು ಕನ್ನಡದಲ್ಲಿ ಒಂದು ಮಾತು ಕೊಟ್ಟಿದ್ದ.

"ಕೊಯ್ಲಿಗೆ ನೀರು ಬಂತು, ಭಟ್ಟಿ ನಿಮ್ದು, ಮಣ್ಣಿನ ಜಾಗ ನಿಮ್ದು. ನೀರು ಇಲ್ಲ, ಭಟ್ಟಿ ಒಡೆದು ಇಟ್ಟಿಗೆ ಕಣಕ್ಕೆ."

ಕಾಫಿ ಒಣಗಿಸುವ ಕಣಕ್ಕೆ ಇಟ್ಟಿಗೆ ಹಾಸುವುದು ಅವನಿಗೆ ಹೇಗೂ ಬೇಕಾಗಿತ್ತು. ಹಾಗಾಗಿ ನನ್ನ ಬಾಯಿಯ ಮಾತಿನ ಮೇಲೆ ಅವರ ಬದುಕು ನಿಂತುಬಿಟ್ಟಿತು. ಅದು ನನಗೆ ಅರ್ಥವಾದಾಗ ಭಟ್ಟಿಯ ಗೋಡೆ ಎದೆಮಟ್ಟ ಏರಿತ್ತು.

ಯಜಮಾನನ ಹೆಂಡತಿಗೆ ನೀರು ಹತ್ತುವುದನ್ನು ಕುಂಬಳದ ದಂಟಿನಲ್ಲಿ ತೋರಿಸಿದೆ. ಟೊಳ್ಳಾದ ದಂಟನ್ನು ಬಗ್ಗಿಸಿ ಒಂದು ತುದಿಗೆ ನೀರು ಹೊಯ್ದೆ, ಇನ್ನೊಂದು ತುದಿಯಲ್ಲಿ ಉಕ್ಕಿತು. ಅವಳು ತಾನೂ ಹೊಯ್ದು ನೋಡಿದಳು. ಆಮೇಲೆ ದಂಟಿನ ಬಗ್ಗಿದ ಜಾಗವನ್ನು ಬೆರಳಿನಲ್ಲಿ ಒತ್ತಿ, "ಭಾರವೆಲ್ಲ ಇಲ್ಲೇ ಬೀಳುತ್ತೆ, ಅಲ್ವಾ?" ಎಂದಳು. ಹೌದು, ಭಾರವೆಲ್ಲ ಹಳ್ಳದ ತಳದಲ್ಲಿ ಬೀಳುತ್ತಿತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ, ಮಣ್ಣು ತಡೆದುಕೊಳ್ಳುತ್ತದೆ ಎಂದು ನಂಬಿದ್ದೆ.

ಊಟೆಯ ಕೆಳಗಿನ ಇಳಿಜಾರಿನಲ್ಲಿ ಬೂದುಬಿಳುಪಿನ ಮಣ್ಣು ಸಿಕ್ಕಿತು. ಒಳ್ಳೆಯ ಮಣ್ಣು, ಆದರೆ ತುಂಬ ಬೆಣಚುಕಲ್ಲಿನ ಚೂರು. ಹಂಚಿನ ಕಾರ್ಖಾನೆಯಲ್ಲಿ ನಾವು ಮಣ್ಣನ್ನು ತೊಳೆಯುತ್ತಿದ್ದ ಹಾಗೆಯೇ ಇಲ್ಲೂ ಮೂರು ತೊಟ್ಟಿ ಕಟ್ಟಿಸಿದೆ. ಮೊದಲನೆಯದರಲ್ಲಿ ಮಣ್ಣು ಕದಡುವುದು, ಕಲ್ಲು ತಳದಲ್ಲಿ ಉಳಿಯುವುದು, ಕೆನೆಯಂಥ ನೀರು ಮುಂದಿನ ತೊಟ್ಟಿಗೆ ಹರಿಯುವುದು. ಕರಾವಳಿಯ ಮೇಸ್ತ್ರಿಗಳಿಗೆ ಮಣ್ಣು ತೊಳೆಯುವುದೆಂದರೆ ಒಂದು ಜಂಭ. ನಾಲಿಗೆಯ ಮೇಲಿಟ್ಟರೆ ಕರಗಬೇಕು ಎನ್ನುತ್ತಿದ್ದೆವು. ಕುಂಬಾರರಿಗೂ ಅದು ಹಿಡಿಸಿತು, ಯಾಕೆಂದರೆ ಕಲ್ಲಿನ ಚೂರು ಅವರ ಬೆರಳು ಕೊಯ್ಯುತ್ತಿತ್ತು. ತೊಟ್ಟಿಯಿಂದ ತೋಡಿದ ಬೆಣಚುಕಲ್ಲು ಭಟ್ಟಿಯ ಪಕ್ಕದಲ್ಲಿ ಗುಡ್ಡೆಯಾಯಿತು. ಯಜಮಾನನ ಹೆಂಡತಿ ಅದನ್ನು ಬುಟ್ಟಿಯಲ್ಲಿ ಹೊತ್ತು ಕೆಸರು ದಾರಿಗೆ ಸುರಿಯುತ್ತಿದ್ದಳು.

ಒದ್ದೆಬಟ್ಟೆ ಸುತ್ತಿದ ಮರದ ದಿಮ್ಮಿಯ ಮೇಲೆ ಮಣ್ಣಿನ ಹಾಳೆ ಹಾಸಿ, ತಟ್ಟಿ ಕೊಳವೆ ಮಾಡುವುದು. ಒಂದು ಕೊಳವೆ ಇನ್ನೊಂದರೊಳಗೆ ಕೂರಲು ಬೇಕಾದ ಅಗಲ ಬಾಯಿಯನ್ನು ಯಜಮಾನ ತಿಗರಿಯ ಮೇಲೆ ಎತ್ತಿ, ಹಸಿ ಇರುವಾಗಲೇ ಅಂಟಿಸುವುದು. ಮಳೆಗೆ ಮುಂಚೆ ಭಟ್ಟಿ ತುಂಬಿತು.

ಉಪ್ಪು ಬಂದದ್ದು ನಮ್ಮ ಕಡೆಯಿಂದಲೇ. ಘಟ್ಟದ ಕೆಳಕ್ಕೆ ಕಾಫಿ ಇಳಿಸಿ ಮೇಲಕ್ಕೆ ಉಪ್ಪು ಹತ್ತಿಸುವ ಒಬ್ಬ ಗಾಡಿ ಸಾಹೇಬರು ಚೀಲಗಳನ್ನು ಭಟ್ಟಿಯ ಬಾಯಿಗೇ ತಂದಿಳಿಸಿದರು. ಅಷ್ಟನ್ನೂ ಬೆಂಕಿಗೆ ಹಾಕುತ್ತೇನೆ ಎಂದಾಗ ಯಜಮಾನನ ಹೆಂಡತಿಯ ಮುಖ ಸಪ್ಪಗಾಯಿತು. ಉಣ್ಣುವ ಉಪ್ಪನ್ನು ಸುಡುವುದುಂಟೇ? ಒಲೆಗೆ ಒಂದು ಹಿಡಿ ಹಾಕಿದ್ದು ಉಂಟು, ಅದೂ ಮಕ್ಕಳಿಗೆ ದೃಷ್ಟಿಯಾದಾಗ. ಸ್ವಲ್ಪ ಹೊತ್ತು ಯೋಚಿಸಿ ಅವಳೇ ಒಂದು ದಾರಿ ಕಂಡುಕೊಂಡಳು. ಮೊದಲ ಬೊಗಸೆ ಉಪ್ಪನ್ನು ಹಿಡಿದು ಭಟ್ಟಿಯನ್ನು ಸುತ್ತಿ ನಿವಾಳಿಸಿದಳು.

"ಈಗ ಹಾಕಿ. ಇದು ಭಟ್ಟಿಗೆ ದೃಷ್ಟಿ ತೆಗ್ದಂಗಾಯ್ತು. ಪಾಪ ಬರಾಕಿಲ್ಲ."

ಬೆಂಕಿ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಜೇನುಬಣ್ಣಕ್ಕೆ, ಕೊನೆಗೆ ನೋಡಲಾಗದ ಬಿಳುಪಿಗೆ ತಿರುಗಿದ ಮೇಲೆ ಒಲೆಬಾಯಿಗೆ ಉಪ್ಪು ಎಸೆಯಬೇಕು. ಚಟಪಟ ಸಿಡಿದು, ಹೊಗೆಕೊಳವೆಯಿಂದ ದಟ್ಟ ಬಿಳಿ ಹೊಗೆ ಎದ್ದಿತು. ಅದು ತಾಗಿದ ಕಾಫಿ ಗಿಡಗಳ ಎಲೆಯಂಚು ಮಾರನೆಯ ದಿನ ಕಂದಿ ಹೋಗಿ ದೊರೆಯಿಂದ ಬೈಸಿಕೊಂಡೆ. ಒಳಗೆ ಆಗುವುದು ಇಷ್ಟು: ಉಪ್ಪು ಆವಿಯಾಗಿ, ಕಾದ ಮಣ್ಣಿನ ಮೈಗೆ ಹತ್ತಿ, ಅಲ್ಲಿಯ ಮರಳಿನೊಡನೆ ಕರಗಿ ಗಾಜಾಗುತ್ತದೆ. ಯಾವ ಕೈಯೂ ಬಳಿಯದ ಗಾಜು. ಬಾಗಿಲು ತೆಗೆದಾಗ ಕೊಳವೆಗಳು ಮಳೆಯಲ್ಲಿ ನೆನೆದ ಹಾಗೆ ಹೊಳೆಯುತ್ತಿದ್ದವು. ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಮಳೆಗಾಲ ಹಿಡಿಯಿತು. ಕೊಳವೆಗಳನ್ನು ಸ್ಟೋರಿನ ಜಗಲಿಯಲ್ಲಿ ಪೇರಿಸಿಟ್ಟಿದ್ದೆವು. ಒಂದು ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಅಲ್ಲಿ ಕುಳಿತಿದ್ದೆವು. ರಾಶಿಯ ಒಳಗಿನಿಂದ ಟಿಣ್ ಎಂದಿತು. ಸಣ್ಣ ಸದ್ದು, ಬಳೆಗೆ ಉಗುರು ತಾಗಿದಷ್ಟು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ ಟಿಣ್.

"ಮಾತಾಡ್ತಾವೆ," ಎಂದ ಯಜಮಾನ ಮೆಲ್ಲನೆ.

ಆ ಮಳೆಗಾಲವೆಲ್ಲ ಅವು ಮಾತನಾಡಿದವು. ದೀಪದ ಮಸಿಯನ್ನು ಒಂದು ಕೊಳವೆಯ ಮೇಲೆ ಉಜ್ಜಿ ಒರೆಸಿದೆ. ಹೊಳಪಿನ ತುಂಬ ಕೂದಲೆಳೆಯಂಥ ಬಿರುಕುಗಳು, ಜೇಡರ ಬಲೆಯ ಹಾಗೆ, ಮೂಡಿ ನಿಂತವು. ಯಾರೂ ಮುಟ್ಟಿರಲಿಲ್ಲ, ಯಾವುದೂ ಬಿದ್ದಿರಲಿಲ್ಲ. ಮೈಮೇಲಿನ ಪೊರೆ ತಾನಾಗಿ ಸೀಳುತ್ತಿತ್ತು. ಅದು ಚರ್ಮದ ಮೇಲಿನ ಗೀರು, ಮಣ್ಣು ಗಟ್ಟಿ ಇದೆ ಎಂದು ಎಲ್ಲರಿಗೂ ಹೇಳಿದೆ. ಹೇಳಿ, ಆ ಕೊಳವೆಯನ್ನು ರಾಶಿಯ ಹಿಂದಕ್ಕೆ ಸರಿಸಿಟ್ಟೆ.

ನವರಾತ್ರಿಯ ಹೊತ್ತಿಗೆ ಕಾಲುವೆ ಅಗೆದು ಕೊಳವೆ ಕೂರಿಸಿ, ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲದ ನೀರಿನ ಗಾರೆಯಿಂದ ಸಂದು ಮುಚ್ಚಿದೆವು. ಗಾರೆ ಕಚ್ಚಿದ ಮೇಲೆ ಊಟೆಯ ಕಟ್ಟೆ ಬಿಟ್ಟೆವು. ನೀರು ಇಳಿಯಿತು, ಹಳ್ಳದ ತಳ ಮುಟ್ಟಿತು, ಎದುರಿನ ಗುಡ್ಡದಲ್ಲಿ ಆಳೆತ್ತರ ಏರಿತು. ಆಗ ತಳದಲ್ಲಿ ಪಟ್ಟೆಂದು ಸದ್ದಾಗಿ ಒದ್ದೆಮಣ್ಣು ಮೇಲಕ್ಕೆ ಚಿಮ್ಮಿತು. ಒಡೆದದ್ದನ್ನು ತೆಗೆದು ಬೇರೆ ಹಾಕಿದೆವು, ಅದರ ಪಕ್ಕದ್ದು ಒಡೆಯಿತು. ಮತ್ತೆ ಹಾಕಿದೆವು, ಮತ್ತೆ ಒಡೆಯಿತು. ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಡಕಿನ ಅಂಚೆಲ್ಲ ಆ ಕೂದಲೆಳೆ ಬಿರುಕುಗಳ ಜಾಡಿನಲ್ಲೇ ಹೋಗಿತ್ತು. ಚರ್ಮದ ಗೀರು ಎಂದಿದ್ದೆನಲ್ಲ, ಸಾವು ಒಳಕ್ಕೆ ಹೊಕ್ಕದ್ದು ಅದೇ ಗೀರಿನಿಂದ.

ದೊರೆ ಬಯ್ಯಲಿಲ್ಲ. ಭಟ್ಟಿಯ ಹತ್ತಿರ ಹೋಗಿ ಇಟ್ಟಿಗೆಯನ್ನು ಬೆತ್ತದಿಂದ ತಟ್ಟಿ ನೋಡಿದ. ಇರುವ ಸೌದೆಯಲ್ಲಿ ಇನ್ನೊಂದು ಸುಡು ಮಾತ್ರ ಆಗುತ್ತದೆ; ಕೊಯ್ಲಿನ ಒಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದ. ಯಜಮಾನನ ಹೆಂಡತಿ ಅವನ ಬೆತ್ತವನ್ನೇ ನೋಡುತ್ತಿದ್ದಳು. ಅವತ್ತು ಅವಳು ನನ್ನನ್ನು ಹಾಸ್ಯ ಮಾಡಲಿಲ್ಲ, ಅದು ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮಾರನೆಯ ದಿನ ಅವಳು ಹಸಿ ಗಡಿಗೆಯೊಂದರ ಒಳಮೈ ಕೆರೆದು ನುಣುಪು ಮಾಡುತ್ತಿದ್ದಳು. ಕೈಯಲ್ಲಿ ನನ್ನದೇ ಒಂದು ಮಣ್ಣಿನ ಪಟ್ಟಿ ಇತ್ತು. ಭಟ್ಟಿಯೊಳಗೆ ಪೊರೆ ಹೇಗೆ ಬಂದಿದೆ ಎಂದು ನೋಡಲು ತೆಳುವಾದ ಪಟ್ಟಿಗಳನ್ನು ಮರಳಿನ ಮೇಲೆ ಮಲಗಿಸಿಡುವುದು, ನಡುನಡುವೆ ಕಬ್ಬಿಣದ ಕೋಲಿನಿಂದ ಒಂದೊಂದನ್ನು ಹೊರಗೆಳೆಯುವುದು ನಮ್ಮ ಪದ್ಧತಿ. ಕೆಳಮೈ ಮರಳಿನಲ್ಲಿ ಮುಚ್ಚಿರುವುದರಿಂದ ಮೇಲ್ಮೈಗೆ ಮಾತ್ರ ಹೊಳಪು ಬರುತ್ತದೆ. ಕೆಲಸ ಮುಗಿದ ಮೇಲೆ ಎಸೆದಿದ್ದ ಆ ಪಟ್ಟಿಗಳನ್ನೆಲ್ಲ ಅವಳು ಬುಟ್ಟಿಯಲ್ಲಿ ಕೂಡಿಟ್ಟಿದ್ದಳು.

"ನೀವು ಮಾಡಿದ್ರಾಗೆ ಇದೊಂದು ಉಪಯೋಗಕ್ಕೆ ಬಂತು ನೋಡಿ," ಎಂದಳು. "ಎಲ್ಲಾವೂ ಒಂದೇ ಕಡೀಕೆ ಬಗ್ಗವೆ. ಬೆನ್ನು ಗಡಿಗೆ ಹೊಟ್ಟೆಗೆ ಸರಿಯಾಗಿ ಕೂರುತ್ತೆ."

ನಾನು ಬುಟ್ಟಿಯನ್ನು ಕಸಿದುಕೊಂಡು ಜಗಲಿಯ ಮೇಲೆ ಸುರಿದೆ. ಹಸಿಯಲ್ಲಿ ಒಣಗುವಾಗ ಸೊಟ್ಟಗಾದವು ಎಂದು ನಾನು ಕಡೆಗಣಿಸಿದ್ದ ಪಟ್ಟಿಗಳು. ಸೊಟ್ಟಗಾಗುವುದಾದರೆ ಒಂದು ಆ ಕಡೆ, ಒಂದು ಈ ಕಡೆ ಆಗಬೇಕಿತ್ತು. ಇವು ಒಂದೂ ಬಿಡದೆ ಹೊಳಪಿನ ಕಡೆಗೆ ಬಾಗಿದ್ದವು. ಹೊಳಪು ಒಳಮಗ್ಗುಲಿಗೆ, ಬರಿಮಣ್ಣು ಬೆನ್ನಿಗೆ. ಬಿಸಿಲಿಗಿಟ್ಟ ಎಲೆ ಮುದುರುವಂತೆ. ಅಂದರೆ ಭಟ್ಟಿ ಆರುವಾಗ ಗಾಜಿನ ಪೊರೆ ಮಣ್ಣಿಗಿಂತ ಹೆಚ್ಚು ಕುಗ್ಗಲು ನೋಡುತ್ತಿತ್ತು, ಮಣ್ಣು ಬಿಡುತ್ತಿರಲಿಲ್ಲ. ಆ ಎಳೆದಾಟದಲ್ಲಿ ಪಟ್ಟಿ ಬಾಗಿತ್ತು. ದಪ್ಪ ಕೊಳವೆ ಬಾಗಲಾರದು, ಅದರ ಪೊರೆ ಹಿಗ್ಗಿಸಿ ಕಟ್ಟಿದ ಚರ್ಮದ ಹಾಗೆ ಬಿಗಿದೇ ಇತ್ತು, ಹರಿಯುವವರೆಗೂ. ಟಿಣ್ ಎಂದದ್ದು ಅದು ಹರಿದ ಸದ್ದು.

ಕಲ್ಲಿನಷ್ಟು ಸತ್ತ ವಸ್ತು ಎಂದುಕೊಂಡಿದ್ದ ಸುಟ್ಟಮಣ್ಣಿನೊಳಗೆ ಹಗಲೂ ರಾತ್ರಿ ಒಂದು ಜಗ್ಗಾಟ ನಡೆದಿದೆ ಎನ್ನುವುದನ್ನು ಅವತ್ತು ನಾನು ಕಣ್ಣಾರೆ ಕಂಡೆ. ಎಷ್ಟೋ ಹೊತ್ತು ಒಂದು ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ.

ಎಳೆತ ಇಲ್ಲದಂತೆ ಮಾಡಿದರೆ ಸಾಕು, ಎರಡೂ ಸಮ ಕುಗ್ಗಿದರೆ ಸಾಕು ಎಂದು ಮೊದಲು ಯೋಚಿಸಿದೆ. ಉಪ್ಪಿನ ಮಾತಿಗೆ ಹಾನುಬಾಳಿಗೆ ಹೋದಾಗ ಆ ಯೋಚನೆ ತಲೆಕೆಳಗಾಯಿತು. ಅಲ್ಲಿ ಗಾಡಿ ಸಾಹೇಬರ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಬಳೆ ಕೂರಿಸುತ್ತಿದ್ದ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಬಳೆಯನ್ನು ಎತ್ತಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದರು. ಹೊಗೆಯೊಳಗೆ ಚಕ್ರ ನರಳಿತು, ಅದರೊಳಗಿನ ಅರೆಕಾಲುಗಳ ಸಂದೆಲ್ಲ ಮುಚ್ಚಿಕೊಂಡಿತು.

"ಬಳೆ ಚಕ್ರದ ಅಳತೆಗೆ ಸರಿಯಾಗೇ ಇದೆಯಾ ಸಾಹೇಬ್ರೆ?" ಎಂದೆ.

"ಸರಿಯಾಗಿದ್ರೆ ಏನ್ ಬಂತು ಮಾರಾಯ," ಎಂದರು ಅವರು. "ಸರಿಯಾಗಿರೋ ಬಳೆ ಘಾಟಿ ಇಳಿಯೋದ್ರೊಳಗೆ ಬಿಚ್ಕೊಂಡು ಹೋಗ್ಬುಡ್ತದೆ. ಒಂದು ಬೆರಳು ಕಮ್ಮಿ ಇರಬೇಕು. ಹಿಂಡ್ತಾ ಇರಬೇಕು. ಆವಾಗ ಮರ ಕಲ್ಲಾಗ್ತದೆ."

ಹಿಂಡುತ್ತಾ ಇರಬೇಕು. ನಾನು ಉಪ್ಪಿನ ಮಾತು ಮರೆತೇ ವಾಪಸು ನಡೆದೆ. ನಾನು ತೊಳೆದು ಹಾಕಬೇಕೆಂದಿದ್ದ ಎಳೆತವನ್ನು ತೊಳೆಯುವುದಲ್ಲ, ತಿರುಗಿಸಬೇಕು. ಪೊರೆಗಿಂತ ಮಣ್ಣೇ ಒಂದು ಕೂದಲಿನಷ್ಟು ಹೆಚ್ಚು ಕುಗ್ಗಬೇಕು. ಆಗ ಮಣ್ಣು ಪೊರೆಯನ್ನು ಒಳಕ್ಕೆ ಹಿಂಡಿ ಹಿಡಿಯುತ್ತದೆ. ಹಿಂಡಿ ಹಿಡಿದ ಗಾಜು ಬಿರಿಯಬೇಕಾದರೆ ನೀರಿನ ಒತ್ತಡ ಮೊದಲು ಆ ಹಿಡಿತವನ್ನು ಸಡಿಲಿಸಬೇಕು, ಆಮೇಲೆ ಗಾಜನ್ನು ಎಳೆಯಬೇಕು. ಅಷ್ಟು ಬಲ ಹಳ್ಳದ ತಳದಲ್ಲಿ ಇರಲಾರದು.

ಮಣ್ಣು ಹೆಚ್ಚು ಕುಗ್ಗುವಂತೆ ಮಾಡುವುದು ಯಾವುದು? ದಾರಿಯುದ್ದಕ್ಕೂ ಕಾಲಿಗೆ ಚುಚ್ಚುತ್ತಿದ್ದದ್ದು ಅದೇ. ಹಂಚಿನ ಕಾರ್ಖಾನೆಯಲ್ಲಿ ಬೆಣಚುಕಲ್ಲನ್ನು ನಾವು ಶತ್ರು ಎನ್ನುತ್ತಿದ್ದದ್ದು ಯಾಕೆ? ಭಟ್ಟಿ ಆರುವಾಗ ಆ ಕಲ್ಲು ಥಟ್ಟನೆ ಕುಗ್ಗಿ ಹಂಚನ್ನು ಸೀಳುತ್ತದೆ ಎಂದು. ದಪ್ಪ ಚೂರಾದರೆ ಅಲ್ಲೊಂದು ಇಲ್ಲೊಂದು ಕಡೆ ಸೀಳುತ್ತದೆ, ನಿಜ. ಹಿಟ್ಟಿನಂತೆ ನುಣ್ಣಗೆ ಅರೆದು ಮೈಗೆಲ್ಲ ಹಂಚಿದರೆ ಇಡೀ ಮೈ ಒಟ್ಟಿಗೆ ಕುಗ್ಗಬೇಕಲ್ಲ. ನಾನು ತಿಂಗಳುಗಟ್ಟಲೆ ತೊಳೆದು ತೊಳೆದು ದಾರಿಗೆ ಹಾಕಿಸಿದ್ದು ನನಗೆ ಬೇಕಾದ ಔಷಧಿಯನ್ನೇ.

ಕುಂಬಾರರಿಗೆ ಹೇಳಿದೆ. ಯಜಮಾನ ಕೈಯ ಮಣ್ಣು ಒರೆಸಿಕೊಂಡ.

"ಮಣ್ಣಿಗೆ ಕಲ್ಲು ಸೇರ್ಸೋದಾ? ನಮ್ಮಪ್ಪ ಕಂಡಿದ್ರೆ ತಿಗರಿ ಕೋಲಲ್ಲೇ ಹೊಡೀತಿದ್ದ," ಎಂದ. ಆಮೇಲೆ, "ಇನ್ನೊಂದೇ ಸುಡು ಇರೋದು ಮೇಸ್ತ್ರಪ್ಪ. ಗೊತ್ತೈತಾ ನಿಮಗೆ?" ಎಂದ.

ಗೊತ್ತಿತ್ತು. ಅದಕ್ಕೇ ಮೊದಲು ಎಸ್ಟೇಟಿನ ಕಮ್ಮಾರನ ಕುಲುಮೆಯಲ್ಲಿ ಸಣ್ಣದಾಗಿ ನೋಡೋಣ ಎಂದೆ. ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿದೆವು. ಸುತ್ತಿಗೆಗೆ ಬಗ್ಗದ ಕಲ್ಲು ನೀರಿನೊಳಗೆ ಚಿಟಿಚಿಟಿ ಎಂದು ಒಳಗೊಳಗೇ ಬಿರಿದು, ಬೆರಳಿಗೆ ಪುಡಿಯಾಗುವಷ್ಟು ಮೆತ್ತಗಾಯಿತು. ಮೈ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಕುಗ್ಗದೆ ಉಳಿದರೆ ಕಲ್ಲೇ ಹೀಗಾಗುತ್ತದೆ. ಕಲ್ಲನ್ನು ಕೊಲ್ಲುವ ಈ ಬಲವನ್ನೇ ಹಿಡಿದು ಮಣ್ಣಿಗೆ ಜೀವ ಕೊಡಬೇಕಿತ್ತು. ದೇವರು ಎರಡು ಕೆಲಸಕ್ಕೆ ಒಂದೇ ಉಳಿ ಇಟ್ಟುಕೊಂಡಿದ್ದಾನೆ ಎಂದು ಅನ್ನಿಸಿ ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಯಜಮಾನನ ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು ಆ ಚೂರನ್ನು ಒರಳಿನಲ್ಲಿ ಕುಟ್ಟಿ, ಬೀಸುವ ಕಲ್ಲಿನಲ್ಲಿ ರಾಗಿಯಂತೆ ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದಳು.

ಮೂರು ಬಗೆಯ ಪಟ್ಟಿ ಮಾಡಿದೆ. ಸ್ವಲ್ಪ ಕಲ್ಲಿನ ಹಿಟ್ಟು ಸೇರಿಸಿದ್ದು, ಇನ್ನಷ್ಟು ಸೇರಿಸಿದ್ದು, ಧಾರಾಳವಾಗಿ ಸೇರಿಸಿದ್ದು. ಎಲ್ಲವನ್ನೂ ಮರಳಿನ ಮೇಲೆ ಮಲಗಿಸಿ, ಗಟ್ಟಿಮಣ್ಣಿನ ಮೂಸೆಯೊಳಗೆ ಉಪ್ಪಿನ ಜೊತೆ ಇಟ್ಟು, ಇದ್ದಿಲಿನ ಬೆಂಕಿಗೆ ತಿದಿ ಒತ್ತಿಸಿದೆ. ಆರಿದ ಮೇಲೆ ತೆಗೆದು ಸಾಲಾಗಿಟ್ಟೆ. ಮೊದಲನೆಯದು ಹೊಳಪಿನ ಕಡೆಗೆ ಬಾಗಿಯೇ ಇತ್ತು, ಆದರೆ ಕಮ್ಮಿ. ಎರಡನೆಯದು ಹೊಳಪನ್ನು ಬೆನ್ನಿಗೆ ಹಾಕಿಕೊಂಡು ಒಂದಿಷ್ಟೇ ಆಚೆಗೆ ಬಾಗಿತ್ತು. ಮೂರನೆಯದರ ಅಂಚಿನಲ್ಲಿ ಪೊರೆ ಹಕ್ಕಳೆಯಂತೆ ಎದ್ದಿತ್ತು, ಹಿಂಡಿದ್ದು ಜಾಸ್ತಿಯಾಗಿತ್ತು. ಎರಡನೆಯದನ್ನು ಎತ್ತಿ ಯಜಮಾನನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಹಳೆಯ ಪಟ್ಟಿಯೊಂದರ ಪಕ್ಕದಲ್ಲಿಟ್ಟ. ಎರಡೂ ಬೆನ್ನಿಗೆ ಬೆನ್ನು ಮಾಡಿ ಕುಳಿತ ಗಂಡ ಹೆಂಡಿರ ಹಾಗಿದ್ದವು.

"ನಡೀರಿ, ಮಣ್ಣು ಕಲಸೋಣ," ಎಂದ.

ಕಲ್ಲಿನ ಹಿಟ್ಟು ಸೇರಿದ ಮಣ್ಣಿಗೆ ಜಿಗುಟಿರಲಿಲ್ಲ. ಮೊದಲ ದಿನ ಮಾಡಿದ ಕೊಳವೆಗಳು ದಿಮ್ಮಿಯಿಂದ ಬಿಡಿಸುವಾಗಲೇ ಕುಸಿದು ಬಿದ್ದವು. ಒದ್ದೆ ಗೋಣಿ ಹೊದಿಸಿ ಮಣ್ಣನ್ನು ಹುಳಿಯಲು ಬಿಟ್ಟು ಕಾದೆವು. ಅತ್ತ ಕೊಯ್ಲು ಹತ್ತಿರ ಬರುತ್ತಿತ್ತು, ಇತ್ತ ನಾವು ಗೋಣಿ ಎತ್ತಿ ಮಣ್ಣು ಮೂಸುವುದೇ ಕೆಲಸ ಮಾಡಿಕೊಂಡಿದ್ದೆವು. ಕೊನೆಗೆ ಅದು ಹದಕ್ಕೆ ಬಂತು. ಇಡೀ ಸಾಲನ್ನು ಹೊಸದಾಗಿ ಮಾಡಲು ಹೊತ್ತಿರಲಿಲ್ಲ. ಹಳ್ಳದ ಎರಡೂ ಕಡೆಯ ಇಳಿಜಾರಿಗೂ ತಳಕ್ಕೂ ಬೇಕಾದಷ್ಟು ಮಾಡಿ, ಮೇಲೆ ಭಾರವಿಲ್ಲದ ಕಡೆ ಹಳೆಯವನ್ನೇ ಉಳಿಸಿಕೊಂಡೆವು.

ಎರಡನೆಯ ಸುಡಿಗೂ ಅವಳು ಉಪ್ಪು ನಿವಾಳಿಸಿದಳು. ಬಿಳಿ ಹೊಗೆ ಎದ್ದಿತು, ಪಟ್ಟಿ ಎಳೆದು ನೋಡಿದೆ, ಹೊಳಪು ಹಿಂದಿಗಿಂತ ದಪ್ಪವಾಗಿ ಬಂದಿತ್ತು. ಒಲೆಬಾಯಿ ಮುಚ್ಚಿ, ಬಿರುಕುಗಳಿಗೆಲ್ಲ ಮಣ್ಣು ಮೆತ್ತಿ ಕುಳಿತೆ.

ನಿಜವಾದ ಪರೀಕ್ಷೆ ಆಮೇಲೆ ಬಂತು. ಗಿಡಗಳಲ್ಲಿ ಹಣ್ಣು ಕೆಂಪಾಗಿ ಕೊಯ್ಲು ಶುರುವಾಗಿಯೇ ಬಿಟ್ಟಿತು. ದೊರೆ ಕುದುರೆಯಿಂದ ಇಳಿದು ಭಟ್ಟಿಯ ಗೋಡೆ ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಆರಿದೆ. ಬಾಗಿಲು ತೆಗಿ," ಎಂದ.

"ಹೊರಗೆ ಆರಿದೆ ದೊರೆಗಳೇ, ಒಳಗೆ ಆರಲಿಲ್ಲ."

"ಹೋದ ಸಲ ಇಷ್ಟರಲ್ಲಿ ತೆಗೆದಿ."

ಹೋದ ಸಲ ಮಣ್ಣಿನಲ್ಲಿ ಇಷ್ಟು ಕಲ್ಲಿರಲಿಲ್ಲ. ಕಲ್ಲು ಥಟ್ಟನೆ ಕುಗ್ಗುವುದು ಬೆಂಕಿಯ ಕೆಂಪು ಕಣ್ಣಿಗೆ ಕಾಣದಷ್ಟು ಮಂಕಾಗುವ ಹೊತ್ತಿನಲ್ಲಿ. ಆ ಗಡಿ ದಾಟುವಾಗ ಒಂದು ಕಡೆ ತಣ್ಣನೆ ಗಾಳಿ ತಗುಲಿದರೆ, ಕಮ್ಮಾರನ ನೀರಿನಲ್ಲಿ ಕಲ್ಲಿಗೆ ಆದದ್ದೇ ಎಲ್ಲ ಕೊಳವೆಗೂ ಆಗುತ್ತಿತ್ತು. ಇಷ್ಟನ್ನೆಲ್ಲ ಅವನಿಗೆ ಬಿಡಿಸಿ ಹೇಳುವ ಭಾಷೆ ನನ್ನಲ್ಲಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೊಂಡೆ.

"ಇವತ್ತು ತೆಗೆದರೆ ಚೂರು ಸಿಗುತ್ತದೆ. ನಾನು ತೆಗೆಯುವುದಿಲ್ಲ," ಎಂದೆ. ಯಜಮಾನ ಬಂದು ನನ್ನ ಪಕ್ಕದಲ್ಲಿ ನಿಂತ. ಹೆಂಡತಿ ಬಂದು ಅವನ ಪಕ್ಕದಲ್ಲಿ ನೆಲಕ್ಕೆ ಕುಳಿತೇಬಿಟ್ಟಳು. ಕಳೆದುಕೊಳ್ಳುವವರು ಅವರು, ನನ್ನ ಮಾತನ್ನು ನಂಬಲು ಅವರಿಗೆ ಒಂದು ಬಾಗಿದ ಪಟ್ಟಿ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ದೊರೆ ಮೂವರನ್ನೂ ನೋಡಿ ಏನೋ ಗೊಣಗುತ್ತ ಕುದುರೆ ಹತ್ತಿದ.

ಗೋಡೆ ಪೂರ್ತಿ ತಣ್ಣಗಾದ ಮೇಲೆ ಒಂದೊಂದೇ ಇಟ್ಟಿಗೆ ಬಿಡಿಸಿದೆವು. ಒಡೆದದ್ದು ಬಾಗಿಲ ಬಳಿಯ ಕೆಲವು ಮಾತ್ರ. ಉಳಿದವನ್ನು ಜಗಲಿಯಲ್ಲಿ ಪೇರಿಸಿ ಮೂವರೂ ಸುತ್ತ ಕುಳಿತೆವು. ಯಾರೂ ಹೇಳಿಕೊಳ್ಳಲಿಲ್ಲ, ಆದರೆ ಎಲ್ಲರೂ ಕೇಳುತ್ತಿದ್ದದ್ದು ಒಂದನ್ನೇ. ಹೊತ್ತು ಇಳಿಯಿತು. ರಾಶಿಯಿಂದ ಒಂದು ಸದ್ದೂ ಬರಲಿಲ್ಲ. ಮಸಿ ಉಜ್ಜಿ ಒರೆಸಿದೆ, ಒಂದು ಗೆರೆಯೂ ಮೂಡಲಿಲ್ಲ.

ಯಜಮಾನನ ಹೆಂಡತಿ ಹೊಸ ಪಟ್ಟಿಯೊಂದನ್ನು ಗಡಿಗೆಯ ಒಳಕ್ಕೆ ಹಿಡಿದು ನೋಡಿ ಗೊಣಗಿದಳು. "ಇದು ಹಿಂದುಮುಂದಾಗೈತೆ. ಜಾರ್ತದೆ, ಕೆರೆಯಾಕೆ ಬರಾಕಿಲ್ಲ."

ಅಷ್ಟು ಸಿಹಿಯಾದ ದೂರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಎರಡು ಕಲ್ಲಿನ ನಡುವೆ ಹಳೆಯ ಕೊಳವೆ ಅಡ್ಡ ಇಟ್ಟು ಯಜಮಾನನನ್ನು ಹತ್ತಿಸಿದೆ, ಮುರಿಯಿತು. ಹೊಸದರ ಮೇಲೆ ಅವನು ನಿಂತ. ನಾನೂ ಹತ್ತಿದೆ. ಸ್ಟೋರಿಗೆ ಸಾಮಾನು ಇಳಿಸಲು ಬಂದಿದ್ದ ಗಾಡಿ ಸಾಹೇಬರನ್ನೂ ಕೈಹಿಡಿದು ಎಳೆದುಕೊಂಡೆವು. ಅವರು ದೊಡ್ಡ ಆಳು. ಮೂವರು ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಒಂದು ಮಣ್ಣಿನ ಕೊಳವೆಯ ಮೇಲೆ ನಿಂತಿದ್ದೆವು, ಅದು ಸುಮ್ಮನಿತ್ತು.

"ಹಿಂಡ್ತಾ ಇದೆಯಾ ಒಳಗೆ?" ಎಂದರು ಸಾಹೇಬರು, ಕೆಳಗೆ ನೋಡುತ್ತ.

"ಹಿಂಡ್ತಾ ಇದೆ," ಎಂದೆ.

ಕೊಳವೆ ಕೂರಿಸಿ, ಗಾರೆ ಕಚ್ಚಲು ಬಿಟ್ಟು, ಮಣ್ಣು ಮುಚ್ಚಿದೆವು. ನೀರು ಬಿಡಬೇಕಾದ ಬೆಳಿಗ್ಗೆ ಹಳ್ಳಕ್ಕೆ ಇಳಿದು ನೋಡಿದೆವು. ರಾತ್ರಿ ಆನೆಗಳು ಬಂದು ಹೋಗಿದ್ದವು. ಮುಚ್ಚಿದ ಕಾಲುವೆಯ ಮೇಲೆ, ಸರಿಯಾಗಿ ತಳದಲ್ಲಿ, ಮೊರದಗಲದ ಹೆಜ್ಜೆಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅಗೆದು ನೋಡೋಣವೇ ಎಂದು ಯಜಮಾನ ಕಣ್ಣಲ್ಲೇ ಕೇಳಿದ. ಅಗೆದು ಮುಚ್ಚಲು ಹೊತ್ತಿರಲಿಲ್ಲ. ಪಲ್ಪರ್ ಮನೆಯ ಮುಂದೆ ಹಣ್ಣಿನ ರಾಶಿ ಬಿದ್ದಿತ್ತು, ದೊರೆ ಅಲ್ಲೇ ನಿಂತಿದ್ದ. ನಾನು ಕೈ ಬೀಸಿದೆ. ಮೇಲೆ ಊಟೆಯ ಬಳಿ ಯಜಮಾನನ ಹೆಂಡತಿ ಕಟ್ಟೆ ಬಿಟ್ಟಳು.

ನಾನು ಆನೆಹೆಜ್ಜೆಯೊಂದರೊಳಗೆ ಮೊಣಕಾಲೂರಿ ನೆಲಕ್ಕೆ ಕಿವಿಯಿಟ್ಟೆ. ಮೊದಲು ಗಾಳಿ ಓಡುವ ಸದ್ದು. ಆಮೇಲೆ ಇಡೀ ಗುಡ್ಡದ ಭಾರವೇ ಇಳಿದು ಬರುವಂಥ ಒಂದು ಗುಡುಗು. ಅದು ನನ್ನ ಕಿವಿಯ ಕೆಳಗೆ ಬಂದಿತು, ತುಂಬಿತು, ನಿಂತಿತು. ಉಸಿರು ಹಿಡಿದೆ. ನಿಂತದ್ದು ಮೆಲ್ಲನೆ ಆಚೆ ಸರಿಯಿತು, ಹತ್ತತೊಡಗಿತು. ನನ್ನ ಕೆಳಗೆ ಒಂದು ಮೊಳ ಆಳದಲ್ಲಿ ಬೆರಳು ದಪ್ಪದ ಸುಟ್ಟಮಣ್ಣು ತನ್ನನ್ನು ತಾನೇ ಬಿಗಿದು ಹಿಡಿದುಕೊಂಡು, ಆನೆಯನ್ನೂ ನೀರನ್ನೂ ತಡೆದುಕೊಂಡು ಮಲಗಿತ್ತು. ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಧೈರ್ಯ ನನಗೆ ಅವತ್ತೂ ಬರಲಿಲ್ಲ, ಇವತ್ತೂ ಇಲ್ಲ. ಕಣ್ಣಲ್ಲಿ ನೀರು ಬಂದು ಆನೆಹೆಜ್ಜೆಯೊಳಗೆ ಬಿತ್ತು.

ಎದುರಿನ ಗುಡ್ಡದಿಂದ ಕೂಗು ಕೇಳಿಸಿತು. ತಲೆಯೆತ್ತಿದರೆ ಪಲ್ಪರ್ ಮನೆಯ ತೊಟ್ಟಿಗೆ ನೀರು ಬೀಳುತ್ತಿತ್ತು, ದೊರೆ ಅದರ ಕೆಳಗೆ ಕೈಯೊಡ್ಡಿ ನಿಂತಿದ್ದ.

ಯಜಮಾನನೂ ನಾನೂ ನೀರಿನ ಹತ್ತಿರ ಹೋಗಿ, ತಲೆಗೆ ಹೊಯ್ದುಕೊಂಡು, ದೊರೆಯ ಬಾಯಿಂದ ಭಟ್ಟಿ ಕುಂಬಾರರದ್ದೇ ಎಂಬ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು ಸಂಜೆಗೆ ಹಿಂದಿರುಗಿದೆವು. ಅವನ ಹೆಂಡತಿ ನೀರು ನೋಡಲು ಬಂದೇ ಇರಲಿಲ್ಲ. ಭಟ್ಟಿಯ ಬಳಿ ಇದ್ದಳು. ಇಷ್ಟು ದಿನ ಬುಟ್ಟಿ ಬುಟ್ಟಿ ಹೊತ್ತು ದಾರಿಗೆ ಸುರಿಯುತ್ತಿದ್ದ ಆ ಬೆಣಚುಕಲ್ಲಿನ ಗುಡ್ಡೆಯ ಸುತ್ತ ಮುಳ್ಳಿನ ಬೇಲಿ ಕಟ್ಟುತ್ತಿದ್ದಳು. ದಾರಿಯಿಂದ ಆರಿಸಿ ತಂದದ್ದು ಇನ್ನೊಂದು ಬುಟ್ಟಿ ಪಕ್ಕದಲ್ಲಿತ್ತು.

"ನೀರು ಹತ್ತಿತು ಕಣೇ," ಎಂದ ಯಜಮಾನ.

"ಕೇಳಿಸ್ತು," ಎಂದಳು ಅವಳು, ಮುಳ್ಳನ್ನು ಒತ್ತುತ್ತ. "ಆ ತುದಿ ಹಿಡ್ಕೋ ಬಾ. ನಮ್ಮ ಕಲ್ಲು ಯಾರಾದ್ರೂ ಹೊತ್ಕೊಂಡು ಹೋಗ್ಬುಟ್ಟಾರು."